ಎಲ್ಲ ಮನೆಯ ನೀರು

ಮೊನ್ನೆ ಕುಶಾಲನಗರದ ನೆಂಟರ ಮನೆಯಲ್ಲಿ ಬಾಣಂತಿಗೆಂದು ಹುಣಸೆ ಎಲೆ ಹಾಕಿ ನೀರು ಕಾಯಿಸುತ್ತಿದ್ದರು. ಆ ಹುಳಿ ಹಬೆ ಮೂಗಿಗೆ ಬಡಿದಾಗ, ನಾವೆಲ್ಲ ಅಮ್ಮ ಎಂಬರ್ಥದಲ್ಲಿ ಉಮ್ಮ ಎಂದೇ ಕರೆಯುತ್ತಿದ್ದ ಹಿರಿಯ ಹೆಂಗಸು ನೆನಪಾದರು. ಅವರು ತೀರಿಹೋಗಿ ಮೂರು ತಿಂಗಳು...

ಕೊಡಗಿನ ನೆಲ್ಯಹುದಿಕೇರಿಯ ನಮ್ಮ ಕಾಫಿ ಎಸ್ಟೇಟಿನ ಲೈನಿಗೆ, ಆ ಕೂಲಿಮನೆಗಳ ಸಾಲಿಗೆ, ಅವರೇ ಸೂಲಗಿತ್ತಿ. ಮಲಬಾರಿನಿಂದ ಮದುವೆಯಾಗಿ ಬಂದವರು. ತಮಿಳರ, ಯರವರ, ಹಾಸನದ ಕಡೆಯಿಂದ ಬಂದ ನಮ್ಮಂಥವರ ಮಕ್ಕಳನ್ನೆಲ್ಲ ಮೊದಲು ಹಿಡಿದದ್ದು ಅವರ ಕೈ. ನನ್ನನ್ನೂ. ಅವರದೊಂದು ಕಟ್ಟಳೆ ಇತ್ತು. ಬಾಣಂತಿಯ ಮೊದಲ ಸ್ನಾನಕ್ಕೆ ಲೈನಿನ ಪ್ರತಿ ಮನೆಯ ಒಲೆಯಿಂದ ಒಂದೊಂದು ಚೊಂಬು ಬಿಸಿನೀರು ಬರಬೇಕು, ಎಲ್ಲವೂ ಹುಣಸೆ ಎಲೆ ಹಾಕಿದ ಒಂದೇ ಹಂಡೆಗೆ. ಅದು ಯಾರ ಪದ್ಧತಿಯೋ, ಯಾವ ಊರಿನದೋ, ಯಾರಿಗೂ ಗೊತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಅಸ್ಸಾಮಿನಿಂದ ಕೆಲಸಕ್ಕೆ ಬಂದಿದ್ದ ಹುಡುಗಿಯೊಬ್ಬಳಿಗೆ ಆಂಬುಲೆನ್ಸ್ ಬರುವ ಮೊದಲೇ ಲೈನಿನಲ್ಲಿ ಹೆರಿಗೆಯಾಯಿತು. ಅವಳ ಭಾಷೆ ಬಾರದ ಉಮ್ಮ ಬರೀ ಕೈಯಲ್ಲೇ ಮಾತಾಡಿ ಮಗುವನ್ನು ಹೊರತಂದರು. ಆದರೆ ಮೂರನೇ ದಿನ, ಮೊದಲ ಸ್ನಾನದ ಹೊತ್ತಿಗೆ, ಹಂಡೆಗೆ ಬಂದದ್ದು ಎರಡೇ ಚೊಂಬು ನೀರು. ಉಮ್ಮ ಸ್ನಾನ ಶುರು ಮಾಡಲಿಲ್ಲ. ಹುಡುಗಿ ಮಗುವನ್ನು ಎದೆಗೊತ್ತಿಕೊಂಡು ಬಚ್ಚಲ ಬಾಗಿಲಲ್ಲಿ ಕಾಯುತ್ತಿದ್ದಳು.

ಉಮ್ಮ ನೇರ ನಮ್ಮ ಮನೆಗೆ ಬಂದರು.

"ನೀರೆಲ್ಲಿ ಮೋಳೇ?" ಅವ್ವನನ್ನು ಅವರು ಮಗಳೇ ಎಂದು ಕರೆಯುತ್ತಿದ್ದದ್ದು ತಮ್ಮ ಭಾಷೆಯಲ್ಲೇ.

"ಅವ್ರು ಇವತ್ತಿದ್ದು ನಾಳೆ ಹೋಗೋ ಜನ ಉಮ್ಮ," ಎಂದಳು ಅವ್ವ. "ಕಮ್ಮಿ ಕೂಲಿಗೆ ಬಂದು ನಮ್ ಕಾಫಿ ಪಿಕ್ಕಿಂಗ್ ಕೆಲ್ಸ ಕಿತ್ಕೊಂಡವ್ರೆ. ಅವ್ರಿಗೂ ನಾನೇ ಒಲೆ ಉರಿಸ್ಬೇಕಾ?"

ಉಮ್ಮ ನಕ್ಕು ನನ್ನತ್ತ ಕೈ ತೋರಿದರು. "ಇವನನ್ನು ಹೆತ್ತಾಗ ನೀನು ಎಂತ ಹೇಳಿದ್ದು, ನೆನಪುಂಟಾ? ಬರುವ ಯುಗಾದಿಗೆ ಊರಿಗೆ ಹೋಗ್ತೇವೆ, ಈ ನೀರೆಲ್ಲ ಎಂತಕ್ಕೆ ಅಂತ. ನಾನು ಸಹ ಗಂಡನ ಸಂಗಡ ಒಂದು ವರ್ಷದ ಕೆಲಸಕ್ಕೇ ಅಂತ ಬಂದದ್ದು. ಹೋದ್ಯಾ ನೀನು? ಹೋದ್ನಾ ನಾನು?"

ಅವ್ವ ಒಲೆಗೆ ಸೌದೆ ತುರುಕಿ ನೀರು ಕಾಯಿಸಿದಳು. ಆಮೇಲೆ ಚೊಂಬನ್ನು ಬಿಟ್ಟು ಕೊಡವನ್ನೇ ಎತ್ತಿದಳು. ಅವಳು ಅಂಗಳ ದಾಟುವಷ್ಟರಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಆ ಹಂಡೆ ತುಂಬಿದ್ದನ್ನು ನಾನು ಮೈಮರೆತು ನೋಡಿದೆ. ಶಾಲೆಯಲ್ಲಿ ಭೂಪಟ ತೋರಿಸಿ ನಾಡು, ದೇಶ ಎಂದೆಲ್ಲ ಹೇಳಿಕೊಟ್ಟಿದ್ದರು. ಯಾರೋ ಒಬ್ಬರು ಹೀಗೆ ಮನೆಮನೆಗೆ ಹೋಗಿ ಕೇಳಿ ಅದನ್ನು ಕಟ್ಟುತ್ತಾರೆ ಎಂದು ತಿಳಿದದ್ದು ಆವತ್ತು... ಉಮ್ಮನಿಗೆ ತಮ್ಮ ಹೆಸರು ಬರೆಯಲೂ ಬರುತ್ತಿರಲಿಲ್ಲ.

ಆ ಮಗು ಈಗ ಇಲ್ಲಿನ ಕನ್ನಡ ಶಾಲೆಗೆ ಹೋಗುತ್ತದೆ.

ಕಳೆದ ವಾರ ಲೈನಿನ ಕೊನೆಯ ಮನೆಗೆ ಜಾರ್ಖಂಡಿನ ಕುಟುಂಬವೊಂದು ಬಂದಿದೆ. ಹೆಂಗಸು ತುಂಬು ಬಸುರಿ. ಉಮ್ಮ ಇದ್ದಿದ್ದರೆ ಬಂದ ದಿನವೇ ಆ ಬಾಗಿಲಲ್ಲಿ ನಿಂತಿರುತ್ತಿದ್ದರು. ನಾವು ಯಾರೂ ಇನ್ನೂ ಹೋಗಿಲ್ಲ... ನಾನೂ ಹೋಗಿಲ್ಲ.