ಮೀನಿನ ತೂಕಕ್ಕೆ ತಾಳೆ

ಪಾರ್ಕ್ ಸ್ಟ್ರೀಟಿನ ಆ ತರಬೇತಿ ಕೇಂದ್ರದ ಮೆಟ್ಟಿಲು ಹತ್ತುವಾಗಲೇ ನನ್ನ ಬಾಯಿ ಒಣಗಿತ್ತು. ಐಟಿ ಕಂಪನಿಗಳು ಕಾಲೇಜುಗಳಿಗೇ ಬಂದು ಹುಡುಗರನ್ನು ಆರಿಸಿಕೊಳ್ಳುತ್ತಿದ್ದ ಕಾಲ ಅದು. ಅವರ ಪರೀಕ್ಷೆಯ ಲೆಕ್ಕಗಳನ್ನು ಹೇಳಿಕೊಡುವವರಿಗೆ ಕೋಲ್ಕತ್ತದಲ್ಲಿ ಎಲ್ಲಿಲ್ಲದ ಬೇಡಿಕೆ. ನಾನು ಧಾರವಾಡದಲ್ಲಿ ಗಣಿತದ ಬಿ.ಎಸ್‌ಸಿ. ಮುಗಿಸಿ, ರೈಲ್ವೆ ನೌಕರರೊಬ್ಬರ ಹೆಂಡತಿಯಾಗಿ ಇಲ್ಲಿನ ಲೇಕ್ ಗಾರ್ಡನ್ಸ್ ಬಡಾವಣೆಗೆ ಬಂದವಳು. ಬಂದಮೇಲೆ ತರಕಾರಿಯವನನ್ನು ಬಿಟ್ಟರೆ ಹೊರಗಿನವರ ಜೊತೆ ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ. ಅವತ್ತು ನನ್ನ ಮಾದರಿ ಪಾಠ; ಕೆಲಸ ಕೊಡುವ ಮುನ್ನ ಅಲ್ಲಿನ ಹುಡುಗರಿಗೆ ಪಾಠ ಮಾಡಿ ತೋರಿಸಬೇಕಿತ್ತು. ಅದರಲ್ಲಿ ಸೋತರೆ ಮತ್ತೆಂದೂ ಬೋರ್ಡಿನ ಮುಂದೆ ನಿಲ್ಲುವ ಧೈರ್ಯ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

"ನಿನಗ ಬರೂದನ್ನ ಹೇಳಾಕ ಹೊಂಟೀಯಲ್ಲ, ಯಾಕ ಅಂಜತೀ?" ಎಂದಿದ್ದರು ಯಜಮಾನರು ಬೆಳಿಗ್ಗೆ. ಬರುವುದೇ ಮರೆತುಹೋದರೆ ಏನು ಗತಿ ಎಂಬುದೇ ನನ್ನ ಅಂಜಿಕೆ. ಅದು ಅವರಿಗೆ ತಿಳಿಯಲಿಲ್ಲ.

ಮೊದಲ ಲೆಕ್ಕ ಸಲೀಸಾಯಿತು. 3x + 7 = 22. ಎರಡೂ ಕಡೆ ಏಳು ಕಳೆದೆ, 3x = 15. ಮೂರರಿಂದ ಭಾಗಿಸಿದೆ, x = 5. ಧ್ವನಿ ಮಾತ್ರ ಬೇರೆ ಯಾರದೋ ಎನ್ನಿಸುತ್ತಿತ್ತು. ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಕೇಂದ್ರದ ಮುಖ್ಯಸ್ಥರು ಹಿಂದಿಯಲ್ಲಿ ಒಂದು ಲೆಕ್ಕ ಕೊಟ್ಟರು: ಇಲಿಶ್ ಮೀನನ್ನು ಶುಚಿ ಮಾಡಿದಾಗ ಶೇಕಡಾ ಇಪ್ಪತ್ತರಷ್ಟು ತೂಕ ಹೋಗಿ ಎಂಟುನೂರು ಗ್ರಾಂ ಉಳಿಯಿತು. ಮೊದಲಿದ್ದ ತೂಕವೆಷ್ಟು?

ಮೀನೇ ಬೇಕಿತ್ತೇ ಇವರಿಗೆ! ಮಾರುಕಟ್ಟೆಯಲ್ಲಿ ಅದರ ವಾಸನೆಗೆ ಹೆದರಿ ಸುತ್ತುಬಳಸಿ ಹೋಗುವವಳು ನಾನು. ಗಾಬರಿಯಲ್ಲಿ ಎಂಟುನೂರಕ್ಕೇ ಶೇಕಡಾ ಇಪ್ಪತ್ತು ಹಿಡಿದು, ನೂರ ಅರವತ್ತು ಕೂಡಿಸಿ, ಒಂಬೈನೂರ ಅರವತ್ತು ಎಂದು ಬರೆದುಬಿಟ್ಟೆ. ಹುಡುಗರೂ ಹಾಗೇ ಬರೆದುಕೊಂಡರು.

ಊರಿನ ಶಾಲೆಯಲ್ಲಿ ನಮ್ಮ ಮಾಸ್ತರರು ತಾಳೆ ನೋಡದ ಲೆಕ್ಕಕ್ಕೆ ಅಂಕ ಕೊಡುತ್ತಿರಲಿಲ್ಲ. ಬಂದ ಉತ್ತರವನ್ನು ಲೆಕ್ಕದೊಳಗೇ ಇಟ್ಟು ನೋಡಬೇಕು. ಆ ಅಭ್ಯಾಸ ಕೈಗೆ ಅಂಟಿಕೊಂಡಿತ್ತು. ಒಂಬೈನೂರ ಅರವತ್ತಕ್ಕೆ ಶೇಕಡಾ ಇಪ್ಪತ್ತು ಎಂದರೆ ನೂರ ತೊಂಬತ್ತೆರಡು. ಕಳೆದರೆ ಏಳುನೂರ ಅರವತ್ತೆಂಟು. ಎಂಟುನೂರಲ್ಲ. ಚಾಕ್ ಕೈಯಿಂದ ಜಾರಿ ಬಿದ್ದು ಮುರಿಯಿತು.

"ತಪ್ಪಾಗಿದೆ," ಎಂದೆ. ಒಂದು ತುಂಡು ಎತ್ತಿಕೊಂಡು ಮೊದಲಿನಿಂದ ಬರೆದೆ. ಹೋದದ್ದು ಇಡೀ ಮೀನಿನ ಶೇಕಡಾ ಇಪ್ಪತ್ತು, ಉಳಿದದ್ದರ ಶೇಕಡಾ ಇಪ್ಪತ್ತಲ್ಲ. ಇಡೀ ಮೀನು x ಆದರೆ ಉಳಿದದ್ದು 80x/100. ಅದು 800. ಎರಡೂ ಕಡೆ ನೂರರಿಂದ ಗುಣಿಸಿ, ಎಂಬತ್ತರಿಂದ ಭಾಗಿಸಿದರೆ x = 1000. ಅದರಲ್ಲಿ ಇನ್ನೂರು ಹೋದರೆ ಎಂಟುನೂರು. ತಾಳೆಯಾಯಿತು. ಕೈ ನಡುಕ ಮಾತ್ರ ನಿಲ್ಲಲಿಲ್ಲ, ಸೊನ್ನೆಗಳೆಲ್ಲ ಅಂಕುಡೊಂಕಾದವು.

ಪಾಠ ಮುಗಿದ ಮೇಲೆ ಮುಖ್ಯಸ್ಥರು ಪಕ್ಕಕ್ಕೆ ಕರೆದು, ಬೇಕೆಂದೇ ತಪ್ಪು ಮಾಡಿ ತೋರಿಸಿದಿರಾ ಎಂದು ಕೇಳಿದರು. ಹೌದೆಂದರೆ ಬಚಾವಾಗುತ್ತಿದ್ದೆ. ಇಲ್ಲ, ಹೆದರಿಬಿಟ್ಟೆ ಎಂದೆ.

"ಕೈ ನಡುಗಿದ್ದು ಕಂಡೆ ಮೇಡಂ. ಪರೀಕ್ಷೆಯಲ್ಲಿ ಈ ಹುಡುಗರೂ ಹೀಗೇ ನಡುಗುತ್ತಾರೆ. ನಡುಗುತ್ತಲೇ ತಾಳೆ ನೋಡುವುದನ್ನು ಅವರಿಗೆ ಕಲಿಸಿ. ನಾಳೆಯಿಂದ ಬನ್ನಿ."

ಖುಷಿಯಾಗಬೇಕಿತ್ತು. ಅವರು ನಾಳೆ ಎಂದದ್ದೇ ತಡ, ನಾಳೆಯೂ ಮೀನಿನ ಲೆಕ್ಕವೇ ಇರುತ್ತದೆಯೇ ಎಂದು ಕೇಳಿಬಿಟ್ಟೆ.