ಗಾಡಿಛತ್ರದ ಮಹಡಿ ಮತ್ತು ಕಾತ್ಯಾಯಿನಿ ಟೀಚರ್

ಕಟ್ಟಡ ಕೆಡವುವ ನೋಟಿಸು ಕೈಗೆ ಬಂದಾಗ ಕಾತ್ಯಾಯಿನಿ ಟೀಚರ್ ಮೊದಲು ಮಾಡಿದ್ದು ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದು. ಎಡಗಡೆ ಮಾರ್ಜಿನ್ ಸಾಲದು, ದಿನಾಂಕ ಇರಬೇಕಾದ ಜಾಗದಲ್ಲಿಲ್ಲ, ನೂರಕ್ಕೆ ಮೂವತ್ತೆರಡು. ‘ಮತ್ತೆ ಟೈಪ್ ಮಾಡಿ ತರುವುದು’ ಎಂದು ಷರಾ ಬರೆದು ವಾಪಸ್ ಕಳಿಸಿದರು. ಪೇಟೆ ಸುಧಾರಣಾ ಸಮಿತಿಯ ಟೈಪಿಸ್ಟ್ ರಶ್ಮಿ ಅವರದೇ ಶಿಷ್ಯೆ. ಹೆದರಿ ಮತ್ತೆ ಟೈಪ್ ಮಾಡಿದಳು. ಅದಕ್ಕೆ ಅಧ್ಯಕ್ಷರ ಸಹಿ ಮತ್ತೆ ಬೇಕಾಯಿತು, ಅಧ್ಯಕ್ಷರು ತೋಟದಲ್ಲಿದ್ದರು, ಹೀಗೆ ಹದಿನೈದು ದಿನ ಸುಮ್ಮನೆ ಸಿಕ್ಕಿತು.

ಇದು 2002ರ ಆಷಾಢದ ಮಾತು. ಮೂಡಿಗೆರೆ ಪೇಟೆಯಲ್ಲಿ ನನ್ನದು ಕಾಫಿ, ಮೆಣಸಿನ ವ್ಯಾಪಾರ. ಅಂಗಡಿಯ ಎದುರಿಗೇ ಗಾಡಿಛತ್ರ. ಘಟ್ಟ ಇಳಿಯುವ ಕಾಫಿಗಾಡಿಗಳು ತಂಗಲೆಂದು ಕಟ್ಟಿದ ಎರಡಂತಸ್ತಿನ ಕಟ್ಟಡ. ಕೆಳಗೆ ಎತ್ತು, ಮೇಲೆ ಗಾಡಿಯವರು. ಹೊನ್ನೆ ಮರದ ತೊಲೆಗಳ ಮೇಲೆ ಅವರು ಚಾಕುವಿನಲ್ಲಿ ಕೊರೆದ ಎತ್ತುಗಳು ಈಗಲೂ ಕೋಡು ಸಮೇತ ಇವೆ. ಆ ಮಹಡಿಗೆ ಟೀಚರ್ ಟೈಪಿಂಗ್ ಕಲಿಸಲೆಂದು ಬಂದದ್ದು 1981ರಲ್ಲಿ. ಕಳಸದ ಅರ್ಚಕರ ಮಗಳು. ಬಸ್ಸಿನ ಟಾಪಿನ ಮೇಲೆ ಎರಡು ಟೈಪ್‌ರೈಟರ್, ಒಳಗೆ ಮಡಿಲಲ್ಲಿ ಮೂರನೆಯದು. ಮೂರು ಹೋಗಿ ಹದಿನೆಂಟಾದವು. ಈ ತಾಲ್ಲೂಕಿನ ಕಚೇರಿಗಳಲ್ಲಿ ಯಾರೇ ನೆಟ್ಟಗೆ ಕೂತು ಟೈಪ್ ಮಾಡುತ್ತಿದ್ದರೆ, ಅವರ ಬೆನ್ನಿಗೆ ಎಂದೋ ಟೀಚರ ಅಡಿಕೋಲು ತಾಗಿದೆ ಎಂದೇ ಅರ್ಥ.

ಸಮಿತಿಗೆ ಗಾಡಿಛತ್ರದ ಜಾಗದಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಬೇಕಿತ್ತು. ಮುಚ್ಚಿಡುವುದೇಕೆ, ಅದರಲ್ಲಿ ಮೂಲೆ ಮಳಿಗೆಗೆ ನಾನೂ ಅರ್ಜಿ ಹಾಕಿದ್ದೆ. ‘ಮಹಡಿ ಶಿಥಿಲ, ಇಪ್ಪತ್ತು ಜನ ನಿಂತರೆ ಕುಸಿಯುವ ಸಂಭವ’ ಎಂದು ಎಂಜಿನಿಯರ್ ಕೆಳಗೆ ನಿಂತೇ ವರದಿ ಬರೆದಿದ್ದ. ಹೊಸ ಕಾಂಪ್ಲೆಕ್ಸಿನಲ್ಲಿ ಟಕಟಕ ಅನ್ನುವ ಮೆಷೀನುಗಳಿಗೆ ಜಾಗ ಕೊಡುವುದಿಲ್ಲ ಎಂದೂ ಹೇಳಿಯಾಗಿತ್ತು. ಛತ್ರ ಬಿದ್ದರೆ ಟೀಚರ ಇಪ್ಪತ್ತೊಂದು ವರ್ಷದ ಬದುಕೂ ಅದರ ಜೊತೆಗೇ ಬೀಳುತ್ತಿತ್ತು.

ಟೀಚರ್ ಅಳುವ ಪೈಕಿಯಲ್ಲ. ದಿನದ ಪಾಠವನ್ನೇ ಮನವಿಯಾಗಿ ಬದಲಾಯಿಸಿದರು. ಸ್ಪೀಡ್ ಟೆಸ್ಟಿಗೆ ಕೂತ ಪ್ರತಿಯೊಬ್ಬರೂ ‘ಗಾಡಿಛತ್ರವನ್ನು ಉಳಿಸಿ’ ಎಂದು ಟೈಪ್ ಮಾಡಬೇಕು. ಸಮಿತಿಗೆ ನಾನೂರು ಮನವಿ ಹೋದವು. ಅಧ್ಯಕ್ಷ ಬಸವರಾಜು ಅವನ್ನು ರದ್ದಿ ಕಾಗದವೆಂದು ತೂಕಕ್ಕೆ ಹಾಕಿದರು. ಮರುವಾರ ಬೇಕರಿಯಲ್ಲಿ ನನಗೆ ಬೆಣ್ಣೆ ಬಿಸ್ಕತ್ತು ಕಟ್ಟಿಕೊಟ್ಟದ್ದು ಅದರಲ್ಲೇ.

ಆ ಪೊಟ್ಟಣ ಹಿಡಿದುಕೊಂಡು ಕೂತಿದ್ದಾಗಲೇ ಟೀಚರ್ ಅಂಗಡಿಗೆ ಬಂದರು. ಪೊಟ್ಟಣದ ಕಾಗದ ನೋಡಿದರು. ನಾನೇ ಮುಜುಗರಕ್ಕೆ ಬೇರೆ ಮಾತು ತೆಗೆದೆ. ಅದು ಕಾಫಿ ಬೆಲೆ ನೆಲಕಚ್ಚಿದ್ದ ವರ್ಷ. ಏರಲಿ, ಆಮೇಲೆ ಮಾರೋಣ ಎಂದು ಎಲ್ಲರೂ ಮೂಟೆ ಹಿಡಿದಿಟ್ಟಿದ್ದರು, ಗೋದಾಮಿನ ಸಿಮೆಂಟ್ ನೆಲ ಮಳೆಗೆ ಬೆವರುತ್ತಿತ್ತು.

“ತೇವ ಎಳೀತಾ ಉಂಟು ಟೀಚರೇ. ಇನ್ನೊಂದು ತಿಂಗಳಿಗೆ ಕಾಫಿಗೆ ಬೂಷ್ಟು ಬರ್ತದೆ.”

“ಅಯ್ಯೋ, ನಮ್ಮ ಮಹಡಿ ಅರ್ಧ ಖಾಲಿ ಬಿದ್ದಿದೆಯಲ್ಲ ಷಡಕ್ಷರಿಯವ್ರೇ. ಮರದ ನೆಲ. ಮೆಷೀನಿಗೆ ತುಕ್ಕು ಹಿಡಿಬಾರ್ದು ಅಂತ ಎರಡು ಇದ್ದಿಲೊಲೆ ಬೇರೆ ಉರೀತಿರ್ತವೆ. ಹಪ್ಪಳ ಇಟ್ರೂ ಮೆತ್ತಗಾಗಲ್ಲ. ನಿಮ್ದೊಂದು ನಲವತ್ತು ಮೂಟೆ ಇಡಿ, ಬಾಡಿಗೆ ಬೇಡ.” ಮೆಟ್ಟಿಲಿಳಿದವರು ತಿರುಗಿ ನಿಂತರು. “ಆದ್ರೆ ಯಾರಿಗೂ ಹೇಳ್ಬೇಡಿ.”

ನಾನು ಯಾರಿಗೂ ಹೇಳಲಿಲ್ಲ, ಭಾವಮೈದನೊಬ್ಬನನ್ನು ಬಿಟ್ಟು. ಅವನು ಸಂಬಂಧಿಕ, ಲೆಕ್ಕಕ್ಕಿಲ್ಲ. ಅವನು ತನ್ನ ಬೀಗರಿಗೆ ಮಾತ್ರ ಹೇಳಿದ. ಮಲೆನಾಡಿನ ಬೆಳೆಗಾರ ಆಷಾಢದಲ್ಲಿ ಚಿನ್ನ ಕಂಡರೂ ಸುಮ್ಮನಿದ್ದಾನು, ಒಣಗಿದ ಜಾಗ ಕಂಡರೆ ಇರಲಾರ. ಮೂರನೇ ದಿನ ಛತ್ರದ ಮೆಟ್ಟಿಲ ಮೇಲೆ ಜನವೋ ಜನ. ಎಲ್ಲರೂ ಗುಟ್ಟಾಗಿಯೇ ಬಂದವರು. ಕಾಫಿ ಬೆಳೆಗಾರ ವೆಂಕಟರಾಮಯ್ಯನವರು ಎದುರಾದರು. ಅರವತ್ತೆಂಟು ವರ್ಷ, ಹಿಂದೆ ಮೂಟೆ ಹೊತ್ತ ಆರು ಆಳು.

“ಎಂತ ಮಾರಾಯ್ರೇ, ಈ ಕಡೆ?” ಅಂದೆ.

“ಟೈಪಿಂಗ್ ಕಲಿಯುವಾ ಅಂತ.”

“ಮೂಟೆ ಎಂತಕ್ಕೆ?”

“ಕೂತ್ಕೊಳ್ಳಲಿಕ್ಕೆ.”

ಎಂಟು ದಿನದಲ್ಲಿ ಮುನ್ನೂರ ಹನ್ನೆರಡು ಮೂಟೆ. ಟೀಚರ್ ಒಂದೊಂದನ್ನೂ ಎಣಿಸಿ ಪಟ್ಟಿ ಟೈಪ್ ಮಾಡಿಸಿದರು. ಕಲಿಯುವವರು ಮೂಟೆಗಳ ಸಂದಿಯಲ್ಲಿ ಕೂತು ಟಕಟಕ ನಡೆಸಿದರು. ಮಹಡಿ ಒಂದು ಸಲವೂ ಕಿರ್ ಅನ್ನಲಿಲ್ಲ.

ಒಂಬತ್ತನೇ ದಿನ ಅಧ್ಯಕ್ಷರೂ ಎಂಜಿನಿಯರೂ ಕೊನೆಯ ತಪಾಸಣೆಗೆ ಬಂದರು. ಹಿಂದೆ ಅಧ್ಯಕ್ಷರ ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಮಲ್ಲೇಶ್, ಛತ್ರಿ ಹಿಡಿದು. ಟೀಚರ್ ಒಂದು ಮೆಷೀನನ್ನು ಕೆಳಗಿನ ಜಗಲಿಗೆ ತರಿಸಿ, ಕಾಗದ ಏರಿಸಿ ಕಾದು ಕೂತಿದ್ದರು.

“ಹೇಳಿ ಸರ್, ನೀವು ಹೇಳಿದ್ದನ್ನ ಹೇಳಿದ ಹಾಗೇ ಹೊಡೀತೀನಿ.”

ಸುತ್ತ ಜನ ಸೇರಿದ್ದು ಕಂಡು ಬಸವರಾಜು ಅವರಿಗೆ ಉತ್ಸಾಹ ಬಂತು. “ಹೊಡೀರಿ. ಈ ಮಹಡಿ ಇವತ್ತೋ ನಾಳೆಯೋ ಬೀಳ್ತದೆ. ನಾನಂತೂ ಇದರ ಮೇಲೆ ಒಂದು ಕೋಳಿಮೊಟ್ಟೆಯನ್ನೂ ಇಡಲ್ಲ.”

ಟೀಚರ್ ಟಕಟಕ ಹೊಡೆದರು. ಸಾಲು ಮುಗಿದು ಗಂಟೆ ಟಿಣ್ ಅಂದಿತು. “ಮೊಟ್ಟೆ ಇಟ್ಟಿಲ್ಲ ಬಿಡಿ ಸರ್. ಮೇಲೆ ಬಂದು ನೋಡಿ.”

ಅವರು ಹತ್ತಲು ಹಿಂದೆಮುಂದೆ ನೋಡಿದರು. ಅಷ್ಟರಲ್ಲಿ ನೋಡುವವರೇ ನಲವತ್ತು ಮಂದಿ ದಡದಡ ಹತ್ತಿಯಾಗಿತ್ತು, ಅಧ್ಯಕ್ಷರಿಗೆ ಬೇರೆ ದಾರಿ ಉಳಿಯಲಿಲ್ಲ. ಮೇಲೆ ಹೋದರೆ ಸೂರಿನವರೆಗೆ ಮೂಟೆ. ನಮ್ಮ ಕಡೆ ಪ್ರತಿ ತೋಟಕ್ಕೂ ಚೀಲದ ಮೇಲೆ ಬಣ್ಣದಲ್ಲಿ ಒತ್ತುವ ಗುರುತೊಂದಿರುತ್ತದೆ. ಕಿಟಕಿಯ ಪಕ್ಕ, ಎಲ್ಲಕ್ಕಿಂತ ಬೆಚ್ಚಗಿನ ಜಾಗದಲ್ಲಿ, ಅರವತ್ತು ಮೂಟೆಗಳ ಮೇಲೆ ಹಸಿರು ಮೂರೆಲೆ. ಗೋಣಿಬೀಡಿನ ಆಚೆ ಬಸವರಾಜು ಅವರ ಎಸ್ಟೇಟಿನ ಗೇಟಿನ ಮೇಲಿರುವುದೂ ಅದೇ ಮೂರೆಲೆ.

ಅಧ್ಯಕ್ಷರು ರೈಟರ ಕಡೆ ತಿರುಗಿದರು. ಮಲ್ಲೇಶನ ಕೈಯಲ್ಲಿ ಛತ್ರಿ ಸೂರಿನ ಕೆಳಗೂ ಬಿಚ್ಚಿಯೇ ಇತ್ತು.

“ನೀವೇ ಹೇಳಿದ್ದಲ್ವಾ ಸಾರ್, ಒಣಗಿದ ಜಾಗ ಎಲ್ಲಿದ್ರೂ ಹುಡುಕಿ ಹಾಕು, ನನ್ನ ಕೇಳ್ತಾ ಕೂರ್ಬೇಡ ಅಂತ.”

ಯಾರೋ ಕಿಸಕ್ಕೆಂದರು. ಆಮೇಲೆ ತಡೆಯುವವರಿರಲಿಲ್ಲ. ವೆಂಕಟರಾಮಯ್ಯನವರು ನಕ್ಕೂ ನಕ್ಕೂ ತಮ್ಮ ಮೂಟೆಯ ಮೇಲೆಯೇ ಕುಸಿದು ಕೂತರು. ಕುಸಿದದ್ದು ಅವರೇ, ಮಹಡಿಯಲ್ಲ.

ಟೀಚರ್ ಮಾತ್ರ ನಗಲಿಲ್ಲ. ಎಂಜಿನಿಯರ್ ಮುಂದೆ ಪಟ್ಟಿ ಹಿಡಿದರು. “ಮೂಟೆಗೆ ಐವತ್ತು ಕೆಜಿ, ಒಟ್ಟು ಹದಿನೈದೂವರೆ ಟನ್ನಿಗೂ ಮೇಲೆ. ಇನ್ನೂರೈವತ್ತು ಜನರ ಭಾರ ಆಯ್ತಲ್ವಾ? ಈ ನಲವತ್ತು ಜನ ಬೇರೆ. ಕೆಡವ್ತೀರಾದ್ರೆ ನಾಳೆಯೇ ಕೆಡವಿ ಸರ್. ಮೂಟೆ ಎಲ್ಲಾ ಮಳೆಗೆ ಇಳಿಸೋಣ. ಅಧ್ಯಕ್ಷರ ಮೂರೆಲೆಯಿಂದಲೇ ಶುರು ಮಾಡುವಾ.”

ಹೊರಗೆ ಜಡಿಮಳೆ. ಬಸವರಾಜು ಅವರು ಮಳೆ ನೋಡಿದರು, ಮೂಟೆ ನೋಡಿದರು. ಕೊನೆಗೆ, “ತೊಲೆ ಗಟ್ಟಿ ಉಂಟಲ್ರೀ,” ಎಂದು ಎಂಜಿನಿಯರನ್ನೇ ಗದರಿದರು. “ಸರಿಯಾಗಿ ನೋಡದೆ ಎಂತ ವರದಿ ಬರೆದಿರಿ?”

ಹೊಸ ವರದಿ ಅಲ್ಲೇ, ಮೂಟೆಯ ಮೇಲೆ ಮೆಷೀನಿಟ್ಟು ತಯಾರಾಯಿತು. ‘ಮಹಡಿ ಸುಭದ್ರ. ಕೆಡವುವ ಅಗತ್ಯವಿಲ್ಲ.’ ಇಬ್ಬರೂ ಸಹಿ ಹಾಕಿದರು. ಈ ಸಲ ಮಾರ್ಜಿನ್ ಸರಿಯಾಗಿತ್ತು.

ಕಾಂಪ್ಲೆಕ್ಸ್ ಊರಾಚೆ ಹೋಯಿತು, ನನ್ನ ಮೂಲೆ ಮಳಿಗೆಯೂ ಅದರ ಹಿಂದೆ ಹೋಯಿತು. ದೀಪಾವಳಿಗೆ ಮೂಟೆ ಇಳಿಸುವಾಗ ಟೀಚರನ್ನು ಕೇಳಿದೆ: “ಇಷ್ಟು ದೊಡ್ಡ ಪೇಟೆಯಲ್ಲಿ ಗುಟ್ಟು ಹೇಳಲಿಕ್ಕೆ ನಾನೇ ಎಂತಕ್ಕೆ ಬೇಕಿತ್ತು?”

“ನಾನೂರು ಕಾಗದ ಕಳಿಸಿದ್ರೂ ಯಾರೂ ಓದ್ಲಿಲ್ಲ ಷಡಕ್ಷರಿಯವ್ರೇ,” ಅಂದರು, ಮೆಷೀನಿನ ಧೂಳು ಒರೆಸುತ್ತಾ. “ನಿಮಗೆ ಹೇಳಿದ್ರೆ ಮೂರು ದಿನ ಸಾಕು ಅಂತ ಗೊತ್ತಿತ್ತು.”

ನಾನು ನನ್ನ ಮೂಟೆ ಎಣಿಸಿಕೊಂಡೆ. ನಲವತ್ತೂ ಇದ್ದವು, ಒಂದರಲ್ಲೂ ಬೂಷ್ಟಿಲ್ಲ.