ತಾಮ್ರದ ತಂತಿಗಳು ನೆಟ್ಟಗೆ ನಿಂತಾಗ

ಮಂಡ್ಯದ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಬಿಡುವಿನಲ್ಲಿ ತಾಮ್ರದ ದ್ರಾವಣಕ್ಕೆ ಕರೆಂಟು ಹಾಯಿಸಿ ಸಣ್ಣ ಬಿಲ್ಲೆಗಳ ಮೇಲೆ ತಾಮ್ರದ ತಂತಿ ಬೆಳೆಸುತ್ತೇನೆ. ಕೂದಲಿಗಿಂತ ನೂರಾರು ಪಟ್ಟು ತೆಳ್ಳಗಿನ ತಂತಿಗಳು, ಒತ್ತೊತ್ತಾಗಿ. ದೂರದೂರಿನ ಪ್ರಯೋಗಾಲಯದಲ್ಲಿ ಗೆಳತಿಯೊಬ್ಬಳು ಅವುಗಳ ಮೇಲೆ ಲೇಸರ್ ಹೊಡೆದು ಎಕ್ಸ್‌ರೇ ಹೊಮ್ಮಿಸುತ್ತಾಳೆ. ನುಣುಪಾದ ತಾಮ್ರಕ್ಕೆ ಹೊಡೆದರೆ ಬಹುಪಾಲು ಬೆಳಕು ಹಿಂದಕ್ಕೆ ಹೋಗಿಬಿಡುತ್ತದೆ. ತಂತಿಗಳ ಸಂದಿಗೆ ನುಗ್ಗಿದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಎಕ್ಸ್‌ರೇ ಹೆಚ್ಚು ಬರುತ್ತದೆ. ನಮ್ಮ ಆಸೆ ಅದು.

ಆದರೆ ನನ್ನ ತಂತಿಗಳು ನಿಲ್ಲುತ್ತಲೇ ಇರಲಿಲ್ಲ. ತೊಳೆದು ಒಣಗಿಸಿ, ಮೈಸೂರಿಗೆ ಒಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದರ ಮೇಲೊಂದು ಒರಗಿ ಗಂಟುಗಂಟಾಗಿರುತ್ತಿದ್ದವು. ಬೆಳೆಸುವುದರಲ್ಲೇ ತಪ್ಪಿದೆಯೆಂದು ತಿಂಗಳುಗಟ್ಟಲೆ ಕರೆಂಟು ಹೆಚ್ಚು ಕಡಿಮೆ ಮಾಡಿದೆ.

ಒಂದು ಭಾನುವಾರ ಚಿಕ್ಕರಸಿನಕೆರೆಯ ನಮ್ಮ ಮನೆಗೆ ಹೋದೆ. ಅವ್ವ ತಲೆಗೆ ನೀರು ಹಾಕಿಕೊಂಡು ಜಗಲಿಯ ಬಿಸಿಲಿನಲ್ಲಿ ಕೂತಿದ್ದಳು. ಮೊಬೈಲಿನಲ್ಲಿದ್ದ, ಒರಗಿಬಿದ್ದ ತಂತಿಗಳ ಚಿತ್ರ ತೋರಿಸಿದೆ.

"ಇದ್ಯಾಕ್ ಇಂಗ್ ಅಂಟ್ಕೊಂಡವೆ?"

"ತೊಳ್ದು ಒಣಗ್ಸಿದ್ ಮ್ಯಾಲೆ ಇಂಗಾಯ್ತವೆ ಕಣವ್ವ."

ಅವ್ವ ತನ್ನ ಒದ್ದೆ ಕೂದಲನ್ನು ಹಿಡಿದು ತೋರಿಸಿದಳು. "ನೀರಿದ್ರೆ ಅಂಟ್ಕಳ್ದೆ ಇನ್ನೇನಾಯ್ತವೆ? ನೀರ್ ಬುಟ್ಟು ಬ್ಯಾರೆ ಏನೂ ಇಲ್ವಾ?"

ಇತ್ತು. ಆರುವ ನೀರಿನ ಮೇಲ್ಮೈ ಎಳೆತ ತೆಳ್ಳಗಿನ ಎಳೆಗಳನ್ನು ಒಂದಕ್ಕೊಂದು ಸೆಳೆದು ಅಂಟಿಸುತ್ತದೆ; ನಾನೇ ಪಾಠ ಮಾಡುವ ವಿಷಯ ಅದು. ನಾಚಿಕೆಯೂ ನಗುವೂ ಒಟ್ಟಿಗೇ ಬಂದವು.

ಆ ವಾರ ನೀರನ್ನೆಲ್ಲ ಕಳೆದು, ಬೇಗ ಆರುವ, ಅಷ್ಟು ಬಿಗಿಯಾಗಿ ಎಳೆಯದ ಬೇರೆ ದ್ರವದಲ್ಲಿ ಅದ್ದಿ ಒಣಗಿಸಿದೆ. ತಂತಿಗಳನ್ನು ಸ್ವಲ್ಪ ಗಿಡ್ಡವಾಗಿಯೂ ಬೆಳೆಸಿದೆ. ಈ ಸಲ ನಿಂತವು! ಬಿಲ್ಲೆಗಳನ್ನು ಗೆಳತಿಗೆ ಕಳಿಸಿಕೊಟ್ಟೆ.

ಅವಳ ಫೋನು ಬಂದಾಗ ನಾನು ಮದ್ದೂರಿಗೆ ಹೋಗುವ ಬಸ್ಸಿನಲ್ಲಿದ್ದೆ. "ಲೇ, ಎಕ್ಸ್‌ರೇ ಎಷ್ಟು ಜೋರಾಗಿ ಬಂತು ಗೊತ್ತಾ? ಡಿಟೆಕ್ಟರ್ ತಡೀಲಿಲ್ಲ ಕಣೇ! ಮುಂದೆ ಫಿಲ್ಟರ್ ಇಟ್ಟು ಅಳೀಬೇಕಾಯ್ತು!"

ನಾನು ಕೂಗಿದ್ದಕ್ಕೆ ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರ್ ಹತ್ತಿರ ಬಂದರು. "ಏನಾಯ್ತು ಕಣಮ್ಮ?"

"ಎಕ್ಸ್‌ರೇ ಬಂತು ಸಾರ್!"

"ಮೂಳೆ ಗೀಳೆ ಮುರ್ದಿಲ್ಲ ತಾನೆ?"

"ಇಲ್ಲ ಸಾರ್, ಎಲ್ಲಾ ನೆಟ್ಟಗವೆ."

"ಸದ್ಯ, ಬುಡಿ," ಎಂದು ಅವರು ಸಮಾಧಾನದಿಂದ ಸೀಟಿ ಊದಿದರು.

ಮದ್ದೂರಿನಲ್ಲಿ ಇಳಿದವಳು ನೇರ ಊರಿನ ಬಸ್ಸು ಹತ್ತಿದೆ. ಅವ್ವ ಎಲ್ಲವನ್ನೂ ಕೇಳಿ, "ನಾನ್ ಏಳ್ಲಿಲ್ವಾ?" ಎಂದಳು. ಆಮೇಲೆ ಪಕ್ಕದ ಮನೆಯವರನ್ನು ಕರೆದು, ನನ್ನ ಕೈಲಿ ಮೊದಲಿಂದ ಮತ್ತೆ ಹೇಳಿಸಿದಳು.